ಆಸ್ಟರ್ ಹೂವಿಗೆ ಮಳೆ ನಕ್ಷತ್ರವಲ್ಲ, ಹಬ್ಬದ ತಿಥಿ ಮುಖ್ಯ

ಮುದನಾಳ ಹಾಗೂ ಯಾದಗಿರಿ, ಶಹಾಪುರ, ಸುರಪುರ ಸುತ್ತಣ ಹಳ್ಳಿಗಳಿಗೆ ತೊಗರಿ, ಹತ್ತಿ, ಜೋಳಗಳೇ ಜೀವಾಳ. ಅವನ್ನು ಬಿಟ್ಟು ಹೂವಿನ ಬೆನ್ನು ಹತ್ತಿರೆಂದು ನಾವು ಹೇಳುವುದಿಲ್ಲ. ಆದರೆ ಬಾವಿ ನೀರಿನ ಆಸರೆ ಇದ್ದವರು ಮನೆಯ ಹಿತ್ತಲಲ್ಲೋ ತೋಟದ ಮೂಲೆಯಲ್ಲೋ ಒಂದೆರಡು ಗುಂಟೆ ಆಸ್ಟರ್ ಬೆಳೆದರೆ ಮಹಾನವಮಿ, ದೀಪಾವಳಿಗಳ ಕೈಖರ್ಚಿಗೆ ದಾರಿಯಾದೀತು. ಲಾಭವೋ ಹಾನಿಯೋ ಎಂಬುದು ಮಾತ್ರ ಬಹುಮಟ್ಟಿಗೆ ಬೀಜ ಹಾಕಿದ ದಿನದ ಮೇಲೆ ನಿಂತಿದೆ.

ನಮ್ಮ ಬಿತ್ತನೆಯೆಲ್ಲ ಮಳೆ ನಕ್ಷತ್ರದ ಲೆಕ್ಕದಲ್ಲಿ ನಡೆಯುತ್ತದೆ. ಮಳೆ ನಕ್ಷತ್ರಗಳು ಸೂರ್ಯನನ್ನು ಅನುಸರಿಸುವುದರಿಂದ ಪ್ರತಿವರ್ಷ ಹೆಚ್ಚುಕಡಿಮೆ ಅದೇ ತಾರೀಖಿಗೆ ಬರುತ್ತವೆ. ಹಬ್ಬಗಳಾದರೋ ಚಂದ್ರನ ತಿಥಿಯಂತೆ ಹಿಂದೆ ಮುಂದೆ ಸರಿಯುತ್ತವೆ. ವಿಜಯದಶಮಿಯು 2023ರಲ್ಲಿ ಅಕ್ಟೋಬರ್ 24ಕ್ಕೆ, 2024ರಲ್ಲಿ 12ಕ್ಕೆ, 2025ರಲ್ಲಿ 2ಕ್ಕೆ ಬಂದಿತು. ಬೀಜ ಹಾಕಿದಂದಿನಿಂದ ಹೂ ಕೀಳಲು ಸುಮಾರು 110 ದಿನ ಬೇಕೆಂದು ಹಿಡಿದರೆ, ಮೊದಲನೆಯ ವರ್ಷ ಪುನರ್ವಸು, ಎರಡನೆಯ ವರ್ಷ ಆರಿದ್ರಾ, ಮೂರನೆಯ ವರ್ಷ ಮೃಗಶಿರಾ ಮಳೆಯಲ್ಲಿ ಸಸಿಮಡಿ ಮಾಡಬೇಕಾಗಿತ್ತು. ಪ್ರತಿವರ್ಷ ಒಂದೇ ಮಳೆಗೆ ಬೀಜ ಚೆಲ್ಲಿದವನ ಹೂವು ಒಮ್ಮೆ ಹಬ್ಬಕ್ಕೆ ಮೊದಲೇ ಅರಳಿ ಬಾಡುತ್ತದೆ, ಇನ್ನೊಮ್ಮೆ ಹಬ್ಬ ಮುಗಿದ ಮೇಲೆ ಅರಳುತ್ತದೆ. ಆದ್ದರಿಂದ ಪಂಚಾಂಗದಲ್ಲಿ ಹಬ್ಬದ ದಿನ ನೋಡಿ, ಅಲ್ಲಿಂದ ಹಿಂದಕ್ಕೆ ಎಣಿಸುವುದೇ ಲೇಸು. ತಳಿ ಹಾಗೂ ಹವೆಯಂತೆ ಈ ದಿನಗಳು ತುಸು ಹೆಚ್ಚುಕಡಿಮೆಯಾಗುವುದುಂಟು. ನಿಮ್ಮ ಹೊಲದಲ್ಲಿ ಎಷ್ಟು ದಿನ ಹಿಡಿಯಿತೆಂಬುದನ್ನು ಬರೆದಿಟ್ಟುಕೊಂಡರೆ ಮರುವರ್ಷ ಅದೇ ದಾರಿ ತೋರಿಸುತ್ತದೆ.

ಬೀಜವನ್ನೆಲ್ಲ ಒಂದೇ ದಿನ ಹಾಕಬಾರದು. ವಿಜಯದಶಮಿಯಾಗಿ ಸುಮಾರು 20 ದಿನಕ್ಕೆ ದೀಪಾವಳಿ ಬರುವುದರಿಂದ, ಅರ್ಧ ಬೀಜ ಮೊದಲು ಹಾಕಿ ಉಳಿದರ್ಧವನ್ನು ಎರಡು ವಾರ ಬಿಟ್ಟು ಹಾಕಿದರೆ ಎರಡು ಹಬ್ಬಕ್ಕೂ ಹೂವು ಸಿಕ್ಕೀತು.

ಆಸ್ಟರ್ ಬೀಜ ಬಹುಬೇಗ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ. ಹಳೆಯ ಬೀಜ ಬೇಡ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ತಳಿಗಳಲ್ಲಿ ಪೂರ್ಣಿಮಾ ಬಿಳಿ, ಕಾಮಿನಿ ಕಡು ಗುಲಾಬಿ ಬಣ್ಣದವು. ಮಳೆಗಾಲವಾದುದರಿಂದ ಸಸಿಮಡಿ ಏರಾಗಿರಲಿ. ತಿಂಗಳ ಸಸಿಯನ್ನು ಸಾಲಿನಿಂದ ಸಾಲಿಗೂ ಗಿಡದಿಂದ ಗಿಡಕ್ಕೂ ಒಂದು ಅಡಿ ಬಿಟ್ಟು ನೆಟ್ಟರೆ ಗುಂಟೆಗೆ ಸುಮಾರು ಸಾವಿರ ಗಿಡ ಹಿಡಿಯುತ್ತವೆ. ನೀರು ಬಸಿಯುವ ಮಸಾರಿ ನೆಲ ಉತ್ತಮ. ಎರೆ ನೆಲವಾದರೆ ಬೋದು ಏರಿಸಿ ನೆಡಬೇಕು. ಬುಡದಲ್ಲಿ ನೀರು ನಿಂತರೆ ಗಿಡ ಉಳಿಯದು.

ಎಚ್ಚರಿಕೆಯ ಮಾತೊಂದುಂಟು. ಸೊರಗು ರೋಗದ ಶಿಲೀಂಧ್ರ ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಿರುತ್ತದೆ. ಈ ವರ್ಷ ಚೆನ್ನಾಗಿ ಬಂದಿತೆಂದು ಮುಂದಿನ ವರ್ಷವೂ ಅದೇ ಮಡಿಯಲ್ಲಿ ಆಸ್ಟರ್ ಹಾಕಬಾರದು. ಜಾಗ ಬದಲಿಸಿ, ಆ ನೆಲಕ್ಕೆ ಜೋಳದಂಥ ಬೇರೆ ಬೆಳೆ ಕೊಡಿ. ಸೊರಗಿದ ಗಿಡ ಕಂಡೊಡನೆ ಬೇರುಸಹಿತ ಕಿತ್ತು ಸುಡಬೇಕು. ತಿಪ್ಪೆಗೆ ಎಸೆದರೆ ರೋಗವನ್ನೇ ಗೊಬ್ಬರದೊಡನೆ ಹೊಲಕ್ಕೆ ಹೊತ್ತಂತಾಗುತ್ತದೆ.

ಹೂವಿನಲ್ಲಿ ಹಣವಿದೆಯೆಂದು ಕೇಳಿ ಎಕರೆಗಟ್ಟಲೆ ನೆಡುವವರಿಗೆ ನಮ್ಮದೊಂದು ಮಾತು. ತೊಗರಿಗೆ ಧಾರಣೆ ಬೀಳಲಿ, ಚೀಲ ಕಟ್ಟಿ ಮನೆಯಲ್ಲಿಟ್ಟು ನಾಲ್ಕು ದಿನ ಕಾಯಬಹುದು. ಹಬ್ಬದ ಮರುದಿನ ಹೂವಿನ ಬುಟ್ಟಿಯನ್ನು ಯಾರು ಕೇಳುತ್ತಾರೆ? ಬೀಜ ಕೊಳ್ಳುವ ಮೊದಲು ಯಾದಗಿರಿ ಪೇಟೆಯ ಹೂವಿನವರನ್ನು ಕಂಡು, ಯಾವ ಬಣ್ಣ, ಎಷ್ಟು ಹೂವು, ಯಾವ ದಿನ ಬೇಕೆಂದು ಕೇಳಿ ಬನ್ನಿ. ಮನೆಮಂದಿ ಬೆಳಗಿನ ತಂಪಿನಲ್ಲಿ ಕಿತ್ತು ಮುಗಿಸುವಷ್ಟೇ ಬೆಳೆಯಿರಿ. ಕೂಲಿ ಕೊಟ್ಟು ಕೀಳಿಸುವಷ್ಟು ಬೆಳೆದರೆ ಹೂವಿನ ಹಣ ಕೂಲಿಗೇ ಮುಗಿದೀತು. ಒಂದೆರಡು ಗುಂಟೆಯ ಮಿತಿಯಲ್ಲಿದ್ದರೆ ಆಸ್ಟರ್ ಸಂಸಾರಕ್ಕೆ ಆಸರೆ. ಮಿತಿ ಮೀರಿದರೆ ಅದು ಜೂಜು.