ಗ್ರಹಣಕ್ಕೂ ಕೂಸಿನ ಹೃದಯಕ್ಕೂ ಏನು ಸಂಬಂಧ?



ಹೊಟ್ಟೆಯಲ್ಲಿರುವ ಕೂಸಿನ ಹೃದಯದಲ್ಲಿ ದೋಷವಿದೆಯೆಂದು ಐದನೆಯ ತಿಂಗಳ ಸ್ಕ್ಯಾನಿಂಗಿನಲ್ಲಿ ತಿಳಿದ ದಿನ ನಮ್ಮ ಮನೆಗಳಲ್ಲಿ ಏಳುವ ಮೊದಲ ಪ್ರಶ್ನೆ ‘ಮುಂದೇನು ಮಾಡಬೇಕು’ ಎಂಬುದಲ್ಲ. ‘ಗ್ರಹಣದಾಗ ಹೊರಗ ಬಂದಿದ್ಲೇನ?’ ಎಂಬುದು. ಇಂಡಿ, ಸಿಂದಗಿ, ಮುದ್ದೇಬಿಹಾಳಗಳಲ್ಲಿ ಈ ಮಾತನ್ನು ಕೇಳಿದ್ದೇನೆ. ಸೂತಕಗಳನ್ನೇ ತಿರಸ್ಕರಿಸಿದ ಶರಣರ ಹಿರಿಯ ಬಸವಣ್ಣನವರ ಬಾಗೇವಾಡಿಯಲ್ಲಿಯೂ ಕೇಳಿದ್ದೇನೆ. ಅದು ಹೆಚ್ಚು ನೋಯಿಸಿತು.

ಹುಟ್ಟುವ ಸಾವಿರ ಮಕ್ಕಳಲ್ಲಿ ಸುಮಾರು ಎಂಟು ಮಕ್ಕಳಿಗೆ ಹೃದಯದ ದೋಷವಿರುತ್ತದೆ. ಹೃದಯದ ರಚನೆ ಎರಡನೆಯ ತಿಂಗಳು ಮುಗಿಯುವಷ್ಟರಲ್ಲಿ ಬಹುಪಾಲು ಪೂರ್ಣಗೊಳ್ಳುತ್ತದೆ. ಎಷ್ಟೋ ಹೆಂಗಸರಿಗೆ ಬಸಿರು ಖಚಿತವಾಗುವುದೇ ಆ ಹೊತ್ತಿಗೆ. ಹೆಚ್ಚಿನ ಪ್ರಕರಣಗಳಲ್ಲಿ ಇಂಥದೇ ಕಾರಣವೆಂದು ಹೇಳಲಾಗದು. ಗೊತ್ತಿರುವ ಕಾರಣಗಳಲ್ಲಿ ತಾಯಿಯ ಹತೋಟಿಯಿಲ್ಲದ ಸಕ್ಕರೆ ಕಾಯಿಲೆಯಿದೆ, ರುಬೆಲ್ಲಾ ಸೋಂಕಿದೆ, ರಕ್ತಸಂಬಂಧದ ಮದುವೆಯಿದೆ. ಗ್ರಹಣವಿಲ್ಲ. ಹೊಲ ಹೊರಗೆ ಹೋಗಬಾರದೆಂದು ಅಕ್ಕನ ಮಗಳನ್ನೇ ತಂದುಕೊಂಡ ಹಿರಿಯರು ಸೊಸೆಯತ್ತ ಬೆರಳು ತೋರಿಸುವ ಮೊದಲು ಸ್ವಲ್ಪ ಯೋಚಿಸಬೇಕು.

ಎಲ್ಲ ದೋಷಗಳೂ ಒಂದೇ ಅಲ್ಲ. ಹೃದಯದ ಕೆಳಗಿನ ಎರಡು ಕೋಣೆಗಳ ನಡುವಿನ ಸಣ್ಣ ರಂಧ್ರ ಬಹಳಷ್ಟು ಮಕ್ಕಳಲ್ಲಿ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಆದರೆ ಎರಡು ಮಹಾಧಮನಿಗಳು ಅದಲುಬದಲಾಗಿದ್ದರೆ ಸಂಗತಿ ಬೇರೆ. ಹುಟ್ಟಿದಾಗ ಚೆನ್ನಾಗಿಯೇ ಕಾಣುವ ಕೂಸು, ಗರ್ಭಕಾಲದ ಒಂದು ರಕ್ತನಾಳ ಮುಚ್ಚುತ್ತ ಬಂದಂತೆ ನೀಲಿಗಟ್ಟುತ್ತದೆ. ಆ ನಾಳವನ್ನು ತೆರೆದಿಡಲು ಔಷಧಿಯಿದೆ. ಮೊದಲ ಕೆಲವು ವಾರಗಳೊಳಗೆ ಶಸ್ತ್ರಚಿಕಿತ್ಸೆ ಮಾಡಿದರೆ ಬಹುಪಾಲು ಮಕ್ಕಳು ಬದುಕುತ್ತಾರೆ. ಹೆರಿಗೆ ಎಲ್ಲಿ ಆಗುತ್ತದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಐದನೆಯ ತಿಂಗಳಲ್ಲಿ ಸಿಕ್ಕ ಸುದ್ದಿಯೆಂದರೆ ನಾಲ್ಕು ತಿಂಗಳ ಮುನ್ಸೂಚನೆ. ಆ ನಾಲ್ಕು ತಿಂಗಳನ್ನು ನಾವು ಸೊಸೆಯ ವಿಚಾರಣೆಯಲ್ಲಿ ಕಳೆಯುತ್ತೇವೆ!

ಆಸ್ಪತ್ರೆಯವರ ಬಗೆಗೂ ನನಗೆ ಸಿಟ್ಟಿದೆ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳಿಗೆ ಒಂದು ಇಂಗ್ಲಿಷ್ ವರದಿಯನ್ನು ಕೈಗಿತ್ತು, ‘ದೊಡ್ಡ ದವಾಖಾನೆಗೆ ಹೋಗ್ರಿ’ ಎಂದು ಕಳಿಸಿದರು. ಯಾವ ದವಾಖಾನೆ, ಎಷ್ಟು ದಿನದೊಳಗೆ, ಯಾರನ್ನು ಕಾಣಬೇಕು, ಒಂದನ್ನೂ ಹೇಳಲಿಲ್ಲ. ಅವಳು ಅದನ್ನು ನನ್ನ ಬಳಿ ತಂದಳು. ವ್ಯಾಕರಣ ಕಲಿಸಿದ ಮೇಷ್ಟ್ರು ಹೃದಯದ ವರದಿ ಓದಬೇಕಾದ ಕಾಲ! ಕೂಸಿನ ಹೃದಯದ ಎಕೋ ಪರೀಕ್ಷೆ ಬೇಕು, ಮಕ್ಕಳ ಹೃದಯತಜ್ಞರನ್ನು ಕಾಣಬೇಕು ಎಂದು ಕನ್ನಡದಲ್ಲಿ ಹೇಳಲು ಹತ್ತು ನಿಮಿಷ ಸಾಕಿತ್ತು. ಬೆಂಗಳೂರಿನ ಜಯದೇವ ಸಂಸ್ಥೆಯ ಹೆಸರನ್ನಾದರೂ ಬರೆದು ಕೊಡಬಹುದಿತ್ತು. 2001ರಿಂದ ವೈಟ್‌ಫೀಲ್ಡಿನಲ್ಲಿರುವ ಸತ್ಯಸಾಯಿ ಆಸ್ಪತ್ರೆಯಲ್ಲಿ ಹೃದಯ ಶಸ್ತ್ರಚಿಕಿತ್ಸೆ ಉಚಿತವೆಂದು ತಿಳಿಸಬಹುದಿತ್ತು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟು ಹೃದಯದೋಷವೂ ಸೇರಿದೆಯೆಂಬುದನ್ನು ನಮ್ಮ ಎಷ್ಟು ಮನೆಗಳು ಬಲ್ಲವು?

‘ತೆಗೆಸಿಬಿಡ್ರಿ’ ಎಂದು ಅವಸರಪಡಿಸುವವರು ಒಂದು ಕಡೆ. ‘ದೇವರಿದ್ದಾನ, ಏನೂ ಆಗೂದಿಲ್ಲ’ ಎಂದು ಪರೀಕ್ಷೆಯನ್ನೇ ತಪ್ಪಿಸುವವರು ಇನ್ನೊಂದು ಕಡೆ. 2021ರ ತಿದ್ದುಪಡಿಯ ನಂತರ, ತೀವ್ರ ದೋಷವಿದೆಯೆಂದು ವೈದ್ಯಕೀಯ ಮಂಡಳಿ ನಿರ್ಣಯಿಸಿದರೆ 24 ವಾರಗಳ ಮಿತಿಯೂ ಅಡ್ಡಬರುವುದಿಲ್ಲ. ಆದ್ದರಿಂದ ಅವಸರದ ನೆಪ ಬೇಡ. ವಯಸ್ಕ ಹೆಂಗಸಿನ ವಿಷಯದಲ್ಲಿ ಕಾಯ್ದೆ ಕೇಳುವುದು ಅವಳ ಒಪ್ಪಿಗೆಯನ್ನು ಮಾತ್ರ. ಗಂಡನ ಸಹಿಯೂ ಬೇಕಿಲ್ಲ; ಇನ್ನು ನೆಂಟರ ಮಾತೆಲ್ಲಿಯದು? ಅವಳು ಇಟ್ಟುಕೊಳ್ಳುತ್ತೇನೆಂದರೂ ಬೇಡವೆಂದರೂ ಮನೆ ಅವಳ ಜೊತೆಗಿರಬೇಕು.

ಕೂಸು ಉಳಿಯದ ಮನೆಗಳೂ ಇವೆ. ಮಾತನಾಡಿಸಲು ಹೋಗಿ ‘ವಯಸ್ಸು ಸಣ್ಣದೈತಿ, ಇನ್ನೊಂದ ಹಡೀತಾಳ’ ಎನ್ನುವವರು ನನ್ನೆದುರು ಆ ಮಾತನ್ನಾಡಬೇಡಿ.

ನಿಮ್ಮಲ್ಲಿ ಅನೇಕರು ಈಗ ನರ್ಸ್, ಆಶಾ ಕಾರ್ಯಕರ್ತೆ, ಲ್ಯಾಬ್ ಟೆಕ್ನಿಷಿಯನ್ ಆಗಿದ್ದೀರಿ. ದೋಷದ ಹೆಸರನ್ನು ಕನ್ನಡದಲ್ಲಿ ಒಂದು ಚೀಟಿಯ ಮೇಲೆ ಬರೆದುಕೊಡಿ. ಬಂಧುಗಳೇ, ಸಿಂದಗಿಗೂ ಮುದ್ದೇಬಿಹಾಳಕ್ಕೂ ರೈಲಿಲ್ಲ. ತುಂಬು ಬಸುರಿ ರಾತ್ರಿಯಿಡೀ ಬಸ್ಸಿನಲ್ಲಿ ಕುಳಿತು ಬೆಂಗಳೂರಿಗೆ ಹೋಗಬೇಕು. ವಿಚಾರಿಸಲು ಬರುವ ಹತ್ತು ಮಂದಿಯಲ್ಲಿ ಒಬ್ಬರಾದರೂ ಅವಳ ಜೊತೆ ಆ ಬಸ್ಸನ್ನು ಹತ್ತಿರಿ.