ಕಾಯಿ ಕುಸ್ತಿಯಿಂದ ಲಾಸ್ ವೇಗಾಸ್ ರಿಂಗಿನವರೆಗೆ

ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ನಿಶಾಂತ್ ದೇವ್ ಸೋತ ರಾತ್ರಿ ನಾನು ಸಿಂದಗಿಯ ಬಾಡಿಗೆ ರೂಮಿನಲ್ಲಿ ಮೊಬೈಲ್ ಹಿಡಿದು ಎದ್ದಿದ್ದೆ. 2024ರ ಆಗಸ್ಟ್ 3. ನಮ್ಮಲ್ಲಿ ಮಧ್ಯರಾತ್ರಿ ದಾಟಿತ್ತು. 71 ಕೆ.ಜಿ. ವಿಭಾಗದ ಕ್ವಾರ್ಟರ್ ಫೈನಲ್, ಎದುರಾಳಿ ಮೆಕ್ಸಿಕೊದ ಮಾರ್ಕೊ ವೆರ್ದೆ. ಗೆದ್ದಿದ್ದರೆ ಕಂಚು ಖಾತ್ರಿ. ಮೊದಲ ಸುತ್ತು ನಿಶಾಂತ್ ಪಾಲಾಯಿತು, ಕೊನೆಯ ಸುತ್ತಿಗೆ ಬರುವಷ್ಟರಲ್ಲಿ ಕೈ ಸೋತಿತ್ತು. ತೀರ್ಪು 4-1ರಿಂದ ವೆರ್ದೆ ಕಡೆಗೆ ಹೋಯಿತು. ತೀರ್ಪುಗಾರರ ಮೇಲೆ ನಮ್ಮ ದೇಶದಲ್ಲಿ ಸಿಟ್ಟು ವ್ಯಕ್ತವಾಯಿತು, ನಾನೂ ಬೈದೆ. ಬೆಳಿಗ್ಗೆ ಮತ್ತೊಮ್ಮೆ ನೋಡಿದಾಗ ಮೂರನೆಯ ಸುತ್ತಿನ ಬಗ್ಗೆ ತಕರಾರು ಮಾಡಲು ಬಾಯಿ ಬರಲಿಲ್ಲ.

ಹರಿಯಾಣದ ಕರ್ನಾಲ್‌ನ ಈ ಹುಡುಗನ ಸೋಲಿಗೆ ನನಗ್ಯಾಕೆ ನಿದ್ದೆಗೇಡು ಎಂದರೆ, ಅವನು ರಾಷ್ಟ್ರೀಯ ಕೂಟದಲ್ಲಿ ಆಡಿದ್ದು ಕರ್ನಾಟಕದ ಹೆಸರಿನಲ್ಲಿ. ತಾಲೀಮು ಮಾಡಿದ್ದು ಬಳ್ಳಾರಿ ಜಿಲ್ಲೆಯ ತೋರಣಗಲ್ಲು ಬಳಿಯ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಲ್ಲಿ. 2021ರ ರಾಷ್ಟ್ರೀಯ ಚಿನ್ನವನ್ನೂ ಅಲ್ಲಿಯೇ ಗೆದ್ದ. ಸಿಂದಗಿ, ವಿಜಯಪುರ, ನಿಡಗುಂದಿ ಹಾಯ್ದು ಹೋಗುವ ನಮ್ಮ ಹೆದ್ದಾರಿ ಹೊಸಪೇಟೆಗೇ ಮುಟ್ಟುತ್ತದೆ, ಅಲ್ಲಿಂದ ತೋರಣಗಲ್ಲು ಕೂಗಳತೆ. ಕರ್ನಾಲ್‌ನಿಂದ ಒಬ್ಬ ಹುಡುಗ ಅಲ್ಲಿಗೆ ಬಂದು ಮುಟ್ಟಿದ. ಇಂಡಿ, ಮುದ್ದೇಬಿಹಾಳದಿಂದ ಒಬ್ಬನೂ ಹೋದದ್ದು ನನ್ನ ಕಿವಿಗೆ ಬಿದ್ದಿಲ್ಲ.

ನಿಶಾಂತ್ ಮತ್ತು ವೆರ್ದೆ ಮೊದಲು ಎದುರಾಗಿದ್ದು 2021ರಲ್ಲಿ, ಬೆಲ್‌ಗ್ರೇಡ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ. ಅಲ್ಲಿ ಗೆದ್ದವನು ನಿಶಾಂತ್. 2023ರಲ್ಲಿ ತಾಷ್ಕೆಂಟ್‌ನಲ್ಲಿ ವಿಶ್ವ ಕಂಚೂ ಬಂತು. ಆದರೆ ಪ್ಯಾರಿಸ್‌ನಲ್ಲಿ ವೆರ್ದೆ ಬೆಳ್ಳಿ ಕೊರಳಿಗೆ ಹಾಕಿಕೊಂಡ. ಅವನ ಅಪ್ಪ 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಮೆಕ್ಸಿಕೊಕ್ಕೆ ಆಡಿದ ಬಾಕ್ಸರ್. ನಿಶಾಂತ್ ಬರಿಗೈಯಲ್ಲಿ ವಾಪಸ್ಸಾದ. ಮುಂದೆ ಇಬ್ಬರೂ ಹಿಡಿದ ದಾರಿ ಒಂದೇ: ಇಬ್ಬರೂ 2025ರಲ್ಲಿ ವೃತ್ತಿಪರರಾದರು. 24ರ ಹರೆಯದ ನಿಶಾಂತ್ ಜನವರಿ 25ರಂದು ಲಾಸ್ ವೇಗಾಸ್‌ನಲ್ಲಿ ತನ್ನ ಮೊದಲ ಪಂದ್ಯವನ್ನು ಒಂದೇ ಸುತ್ತಿನಲ್ಲಿ ಮುಗಿಸಿದ.

ಈ ಸುದ್ದಿ ಹೇಳಿದಾಗ ಗರಡಿ ಮನೆಯ ಮಣ್ಣು ತಿಂದು ಬೆಳೆದ ನಮ್ಮ ಕಾಕಾ ಕೇಳಿದ್ದು ಒಂದೇ: ‘ಸೋತ್ರ ಪಗಾರ ಬರ್ತೈತೇನೋ ಅವಗ?’

ಕಾಕಾನ ಪ್ರಶ್ನೆ ದಡ್ಡತನದ್ದಲ್ಲ. ನಮ್ಮ ಕಡೆ ಆಟ ಎಂದರೆ ನೌಕರಿಯ ಮೆಟ್ಟಿಲು. ಸೈಕಲ್ ತುಳಿದು, ಕಬಡ್ಡಿ ಆಡಿ ರೈಲ್ವೆ, ಪೊಲೀಸ್ ನೌಕರಿ ಹಿಡಿದವರನ್ನು ಊರೂರಲ್ಲಿ ಕಾಣುತ್ತೇವೆ. ಬಸವನ ಬಾಗೇವಾಡಿಯ ಮೈದಾನದಲ್ಲಿ ಬೆಳಗಿನ ಐದಕ್ಕೆ ಓಡುವವರನ್ನು ನಿಲ್ಲಿಸಿ ಕೇಳಿ, ಯಾರೂ ಪದಕ ಎನ್ನುವುದಿಲ್ಲ, ‘ಪಿ.ಸಿ. ಫಿಸಿಕಲ್’ ಎನ್ನುತ್ತಾರೆ. ನಾನೂ ಅವರಲ್ಲೊಬ್ಬ. ಅಮೆಚೂರ್ ಬಾಕ್ಸರ್‌ಗೆ ಸರ್ಕಾರದ ಶಿಬಿರ, ಊಟ, ಕೋಟಾದ ನೌಕರಿ ಇರುತ್ತದೆ. ವೃತ್ತಿಪರನಿಗೆ ಇರುವುದು ಒಪ್ಪಂದ ಮಾತ್ರ. ಪಂದ್ಯ ನಡೆದರೆ ದುಡ್ಡು, ಗಾಯವಾಗಿ ಮಲಗಿದರೆ ಇಲ್ಲ. ಗಳಿಸಿದ್ದರಲ್ಲಿ ಮ್ಯಾನೇಜರ್‌ಗೆ, ಕೋಚ್‌ಗೆ ಪಾಲು. ವಿಜೇಂದರ್ ಸಿಂಗ್ 2015ರಲ್ಲಿ ವೃತ್ತಿಪರನಾದಾಗ ಕೈಯಲ್ಲಿ ಬೀಜಿಂಗ್‌ನ ಕಂಚಿತ್ತು, ಹರಿಯಾಣ ಪೊಲೀಸ್‌ನ ಡಿಎಸ್ಪಿ ಹುದ್ದೆಯಿತ್ತು. ಸತತ 12 ಪಂದ್ಯ ಗೆದ್ದು 2021ರಲ್ಲಿ ಗೋವಾದಲ್ಲಿ ಮೊದಲ ಸೋಲು ಕಂಡ. ನಿಶಾಂತ್‌ನ ಜೇಬಿನಲ್ಲಿ ಒಲಿಂಪಿಕ್ ಪದಕ ಇಲ್ಲ.

ಅವನ ನಿರ್ಧಾರವನ್ನು ಆತುರ ಎಂದವರಿದ್ದಾರೆ. ಆಗಿನ ಪರಿಸ್ಥಿತಿಯನ್ನೂ ನೋಡಬೇಕು. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನ ಮೊದಲ ಪಟ್ಟಿಯಲ್ಲಿ ಬಾಕ್ಸಿಂಗ್ ಇರಲೇ ಇಲ್ಲ. ಹಳೆಯ ಅಂತರರಾಷ್ಟ್ರೀಯ ಸಂಸ್ಥೆಯ ಮಾನ್ಯತೆಯನ್ನು ಒಲಿಂಪಿಕ್ ಸಮಿತಿ 2023ರಲ್ಲೇ ಕಿತ್ತುಕೊಂಡಿತ್ತು. ಬಾಕ್ಸಿಂಗ್ ಮರಳಿ ಸೇರಿದ್ದು 2025ರ ಮಾರ್ಚ್‌ನಲ್ಲಿ, ಅಂದರೆ ನಿಶಾಂತ್ ರಿಂಗಿಗೆ ಇಳಿದು ಸುಮಾರು ಎರಡು ತಿಂಗಳಾದ ಮೇಲೆ. ನೋಟಿಫಿಕೇಶನ್ ಬರುತ್ತದೋ ಇಲ್ಲವೋ ಗೊತ್ತಿಲ್ಲದೆ ವಯೋಮಿತಿ ಎಣಿಸುತ್ತ ಕೂತವರಿಗೆ ಈ ಸಂಕಟ ಬಿಡಿಸಿ ಹೇಳಬೇಕಿಲ್ಲ.

ಮೆಕ್ಸಿಕೊದ ಹುಡುಗನಿಗೆ ಈ ಪ್ರಶ್ನೆ ಇಷ್ಟು ಕಠಿಣವಲ್ಲ. ಸಾಲ್ ‘ಕನೆಲೊ’ ಅಲ್ವಾರೆಜ್‌ನನ್ನೇ ನೋಡಿ. ಹುಡುಗನಾಗಿದ್ದಾಗ ಮನೆಯವರ ಐಸ್‌ಕ್ಯಾಂಡಿ ಮಾರಿದವನು, 2005ರಲ್ಲಿ, 15ನೇ ವಯಸ್ಸಿನಲ್ಲಿ ವೃತ್ತಿಪರನಾದ. 2013ರಲ್ಲಿ ಫ್ಲಾಯ್ಡ್ ಮೇವೆದರ್ ಕೈಯಲ್ಲಿ ಮೊದಲ ಸಲ ಸೋಲುವ ಹೊತ್ತಿಗೆ 43 ಪಂದ್ಯ ಆಡಿದ್ದ: 42 ಗೆಲುವು, ಒಂದು ಡ್ರಾ. ಆಗಿನ್ನೂ 23 ವರ್ಷ. ಪ್ರತಿಭೆಗಿಂತ ನನ್ನನ್ನು ತಡೆದು ನಿಲ್ಲಿಸಿದ್ದು ಆ 43 ಎಂಬ ಅಂಕಿ. ಎಂಟು ವರ್ಷದಲ್ಲಿ ಅಷ್ಟು ಸಲ ರಿಂಗ್ ಹತ್ತಬೇಕೆಂದರೆ ದೇಶದೊಳಗೆ ಅಷ್ಟು ಪಂದ್ಯಗಳು, ಟಿಕೆಟ್ ಕೊಳ್ಳುವ ಜನ, ತೋರಿಸುವ ಟಿ.ವಿ. ಇರಬೇಕು. ಅದು ಇಲ್ಲದ್ದಕ್ಕೇ ನಿಶಾಂತ್ ಮೊದಲ ಪಂದ್ಯಕ್ಕೇ ಅಮೆರಿಕಕ್ಕೆ ಹೋಗಬೇಕಾಯಿತು.

ಹಾಗೆಂದು ಇದೆಲ್ಲ ನಮಗೆ ಪರಕೀಯವೇನಲ್ಲ. ಶ್ರಾವಣದ ಬಾಗೇವಾಡಿ ಜಾತ್ರೆ, ಸಂಕ್ರಾಂತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆ ನೋಡಿದವರಿಗೆ ಗೊತ್ತು. ಮೊದಲು ಚಿಕ್ಕ ಹುಡುಗರ ಕಾಯಿ ಕುಸ್ತಿ, ಗೆದ್ದವನಿಗೆ ತೆಂಗಿನಕಾಯಿ. ಆಮೇಲೆ ರೊಕ್ಕದ ಜೋಡಿಗಳು. ಹೊತ್ತು ಮುಳುಗುವಾಗ ಬೆಳ್ಳಿ ಕಡಗದ ಕುಸ್ತಿ. ಯಾರಿಗೆ ಯಾರನ್ನು ಜೋಡಿ ಹಚ್ಚಬೇಕು ಎಂದು ತೂಗಿ ನೋಡುವ ಹಿರಿಯರು ನಮ್ಮ ಪ್ರೊಮೋಟರ್‌ಗಳು. ವೃತ್ತಿಪರ ಬಾಕ್ಸಿಂಗ್‌ನಲ್ಲೂ ಹೊಸಬನಿಗೆ ಮೊದಮೊದಲು ಹಗುರ ಎದುರಾಳಿಗಳನ್ನೇ ಕೊಡುತ್ತಾರೆ, ನಾಲ್ಕೋ ಆರೋ ಸುತ್ತು. ಹನ್ನೆರಡು ಸುತ್ತಿನ ಪ್ರಶಸ್ತಿ ಪಂದ್ಯ ಬಹಳ ದೂರದ ಮಾತು. ಹಾಗಾಗಿ ನಿಶಾಂತ್‌ನ ಒಂದು ಸುತ್ತಿನ ಗೆಲುವನ್ನು ನೋಡಿ ನಾನು ಕುಣಿಯಲಿಲ್ಲ. ಅದಿನ್ನೂ ಕಾಯಿ ಕುಸ್ತಿ.

ವ್ಯತ್ಯಾಸ ಇರುವುದು ಕಡಗ ಗೆದ್ದ ಮೇಲೆ. ಮೆಕ್ಸಿಕೊದಲ್ಲಿ ಊರಿನ ಪಂದ್ಯದಿಂದ ನಗರಕ್ಕೆ, ಅಲ್ಲಿಂದ ಲಾಸ್ ವೇಗಾಸ್‌ಗೆ ಮೆಟ್ಟಿಲಿದೆ. ನಮ್ಮ ಪೈಲ್ವಾನನಿಗೆ ಮುಂದಿನದು ಮತ್ತೊಂದು ಜಾತ್ರೆ, ಮತ್ತೊಂದು ಕಡಗ. ಕಾಕಾ ಗೆದ್ದ ಎರಡು ಕಡಗಗಳಲ್ಲಿ ಒಂದು ಅಕ್ಕನ ಮದುವೆಯಲ್ಲಿ ಕರಗಿತು. ಇನ್ನೊಂದು ಟ್ರಂಕಿನಲ್ಲಿದೆ. ಅದೇ ತೋಳಿನ ಹುಡುಗನನ್ನು ಹದಿಮೂರಕ್ಕೆ ಗುರುತಿಸಿ, ಇದೇ ಹೆದ್ದಾರಿಯ ಬಸ್ಸಿಗೆ ಹತ್ತಿಸಿ ತೋರಣಗಲ್ಲಿಗೆ ಕಳಿಸುವವರು ಆಗ ಇರಲಿಲ್ಲ, ಈಗಲೂ ನಾಲ್ಕು ತಾಲ್ಲೂಕಿನಲ್ಲಿ ನನಗೆ ಯಾರೂ ಕಂಡಿಲ್ಲ. ಜಾತ್ರಾ ಕಮಿಟಿಗಳೇ ಗೆದ್ದ ಹುಡುಗರ ಹೆಸರು, ವಯಸ್ಸು, ತೂಕ ಬರೆದು ಜಿಲ್ಲಾ ಕ್ರೀಡಾ ಇಲಾಖೆಗೆ ಕೊಟ್ಟರೆ ಖರ್ಚು ಒಂದು ನೋಟ್‌ಬುಕ್ಕಿನದ್ದು.

ಕಾಕಾನಿಗೆ ಉತ್ತರ ಕೊಟ್ಟೆ: ‘ಪಗಾರ ಇಲ್ಲ ಕಾಕಾ. ಸೋತ್ರೂ ಆ ಪಂದ್ಯದ್ದು ರೊಕ್ಕ ಕೊಡ್ತಾರ, ಆದ್ರ ಮುಂದ ಕರೆಯೋದು ಕಡಿಮಿ.’ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಂಗಾದ್ರ ನಮ್ಮಂಗ ಐತಿ’ ಎಂದರು. ನಿಶಾಂತ್–ವೆರ್ದೆ ಲೆಕ್ಕ ಈಗ 1-1. ಮೂರನೆಯ ಸಲ ಯಾರಾದರೂ ಜೋಡಿ ಹಚ್ಚಿದರೆ, ಎಷ್ಟು ಹೊತ್ತಾಗಿದ್ದರೂ ತಮ್ಮನ್ನು ಎಬ್ಬಿಸಬೇಕೆಂದು ಹೇಳಿಟ್ಟಿದ್ದಾರೆ.