ಪ್ರಶ್ನೆ ಕೇಳದ ಬೇತಾಳ

ಜನ್ನನ 'ಯಶೋಧರಚರಿತೆ'ಯನ್ನು ತರಗತಿಯಲ್ಲಿ ಓದಿಸುತ್ತಿದ್ದಾಗ ಹಿಟ್ಟಿನ ಕೋಳಿಯ ಪ್ರಸಂಗ ಬಂದಿತು. ಜೀವಹಿಂಸೆಗೆ ಒಪ್ಪದ ಅರಸ, ತಾಯಿಯ ಮಾತನ್ನು ಮೀರಲಾರದೆ ದೇವಿಯ ಮುಂದೆ ಹಿಟ್ಟಿನಿಂದ ಮಾಡಿದ ಕೋಳಿಯನ್ನು ಕಡಿಯುತ್ತಾನೆ. ಅದರೊಳಗೆ ಬೆಂತರವೊಂದು ಹೊಕ್ಕಿರುತ್ತದೆ. ಕತ್ತಿಯ ಪೆಟ್ಟು ಬಿದ್ದೊಡನೆ ಕೋಳಿ ಕೂಗುತ್ತದೆ. 'ಬೆಂತರ'ವೆಂಬುದು 'ವ್ಯಂತರ'ದ ತದ್ಭವ, ಪಿಶಾಚ ಬೇತಾಳಗಳ ಬಳಗಕ್ಕೆ ಸೇರಿದ್ದು ಎಂದು ನಾನು ಹೇಳಿ ಮುಗಿಸುವುದರೊಳಗೆ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, "ಸರ್, ರಶ್ಮಿಕಾ ಮಂದಣ್ಣ ಆಗಿದ್ದಾರಲ್ಲ, ಅದೇ ಬೇತಾಳವೇ ಇದು?" ಎಂದು ಕೇಳಿದಳು. ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆ. ಆದರೆ ಹುಡುಗಿ ನಗಿಸಲೆಂದು ಕೇಳಿರಲಿಲ್ಲ. ಉತ್ತರ ಹೇಳಬೇಕಾದರೆ ಚಿತ್ರವನ್ನು ನೋಡಿರಬೇಕಷ್ಟೆ. ನೋಡಿದೆ.

'ಥಾಮಾ' ಎಂಬ ಈ ಹಿಂದೀ ಚಲಚ್ಚಿತ್ರ 2025ರ ಅಕ್ಟೋಬರ್ 21ರಂದು, ದೀಪಾವಳಿಯ ಸಮಯಕ್ಕೆ ತೆರೆಗೆ ಬಂದಿತು. ನಿರ್ದೇಶಕರು ಆದಿತ್ಯ ಸರ್ಪೋತ್ದಾರ್. ದೆಹಲಿಯ ಯುವ ಪತ್ರಕರ್ತನೊಬ್ಬ ಕಾಡಿನಲ್ಲಿ ಕರಡಿಯ ಬಾಯಿಗೆ ಸಿಕ್ಕಿದಾಗ ತಾಡಕಾ ಎಂಬ ತರುಣಿ ಅವನನ್ನು ಉಳಿಸುತ್ತಾಳೆ. ಆಕೆ ಬೇತಾಳಕುಲದವಳು, ಮನುಷ್ಯರ ನೆತ್ತರನ್ನು ಕುಡಿಯಬಾರದೆಂಬುದು ಆ ಕುಲದ ಕಟ್ಟಳೆ. ಪ್ರೇಮ ಮೊಳೆಯುತ್ತದೆ, ಬೇತಾಳ ಕನ್ಯೆ ದೆಹಲಿಯ ಮನೆಯೊಂದಕ್ಕೆ ಬರುತ್ತಾಳೆ. ಸೊಸೆಯಾಗಬಹುದಾದವಳನ್ನು ಮಾವನಾಗಬಹುದಾದವನು ಸಂಶಯದ ಕಣ್ಣಿನಿಂದ ನೋಡುವ ಸನ್ನಿವೇಶಗಳಲ್ಲಿ ಪರೇಶ್ ರಾವಲ್ ಅವರ ವಿನೋದ ಹಿತವಾಗಿದೆ. ಮುಂದೆ ಅಪಘಾತದಲ್ಲಿ ಸಾಯುವ ಸ್ಥಿತಿಗೆ ಬಂದ ನಾಯಕನನ್ನು ನಾಯಿಕೆ ಕಚ್ಚಿ ತನ್ನ ಕುಲಕ್ಕೆ ಸೇರಿಸಿಕೊಳ್ಳುತ್ತಾಳೆ. ಆ ಮೇಲಿನದು ಹೊಡೆದಾಟದ ಮಾತು, ಇಲ್ಲಿ ಬೇಡ.

ದೆವ್ವದ ಕಥೆಯಲ್ಲಿ ಹಾಸ್ಯವೇಕೆ, ಪ್ರಣಯವೇಕೆ ಎಂದು ಮುನಿಯುವ ಹಿರಿಯರೊಡನೆ ನಾನಿಲ್ಲ. ಭಯವನ್ನು ನಗುವಿನಿಂದ ಪಳಗಿಸುವುದು ನಮ್ಮ ಜನಕ್ಕೆ ಹೊಸದಲ್ಲ. ನಾನು ಹುಡುಗನಾಗಿದ್ದ 1990ರ ದಶಕದಲ್ಲಿ ಕಡೂರಿನ ಆಸುಪಾಸಿನ ಹಳ್ಳಿಗಳ ಬಾಗಿಲುಗಳ ಮೇಲೆ ಸೀಮೆಸುಣ್ಣದಿಂದಲೋ ಇದ್ದಿಲಿನಿಂದಲೋ 'ನಾಳೆ ಬಾ' ಎಂದು ಬರೆದಿರುತ್ತಿದ್ದುದನ್ನು ಕಂಡಿದ್ದೇನೆ. ಇರುಳಿನಲ್ಲಿ ನಂಟರ ದನಿಯಲ್ಲಿ ಕರೆಯುವ ದೆವ್ವ ಇದನ್ನು ಓದಿ ಹಿಂದಿರುಗುತ್ತದೆ, ಮರುದಿನ ಬಂದು ಮತ್ತೆ ಓದುತ್ತದೆ, ಮತ್ತೆ ಹಿಂದಿರುಗುತ್ತದೆ. ಅಕ್ಷರ ಬಲ್ಲ ದೆವ್ವ. ಅದರಲ್ಲಿಯೂ ಓದಿದ ಮಾತಿಗೆ ಬೆಲೆ ಕೊಡುವ ದೆವ್ವ! ಕನ್ನಡ ಅಧ್ಯಾಪಕನಿಗೆ ಇದಕ್ಕಿಂತ ಒಳ್ಳೆಯ ವಾಚಕ ಎಲ್ಲಿ ಸಿಕ್ಕಾನು? ಇದೇ ನಮ್ಮ 'ನಾಳೆ ಬಾ' ಹಿಂದಿಗೆ ಹೋಗಿ 2018ರಲ್ಲಿ 'ಸ್ತ್ರೀ' ಎಂಬ ಚಿತ್ರವಾಯಿತು. 'ಥಾಮಾ' ಅದೇ ನಿರ್ಮಾಪಕರ ಮಾಲೆಯ ಮುಂದಿನ ಹೂವು. ಹಿಂದಿನದಕ್ಕೆ ನೆಲದ ಕಂಪಿತ್ತು. ಇದಕ್ಕೆ ಹೆಸರು ಮಾತ್ರ ಈ ನೆಲದ್ದು.

ನನ್ನ ತಕರಾರು ಆ ಹೆಸರಿನದೇ. ತೆರೆಯ ಮೇಲಿನ ಬೇತಾಳಕ್ಕೆ ಕೋರೆಹಲ್ಲುಂಟು, ನೆತ್ತರಿನ ದಾಹವುಂಟು, ಕಚ್ಚಿದವರನ್ನು ತನ್ನಂತೆಯೇ ಮಾಡಿಬಿಡುವ ಗುಣವುಂಟು. ಇವು ಬ್ರಾಮ್ ಸ್ಟೋಕರ್ 1897ರಲ್ಲಿ ಬರೆದ 'ಡ್ರಾಕುಲಾ' ಕಾದಂಬರಿಯಿಂದ ಲೋಕವೆಲ್ಲ ಅರಿತ ವ್ಯಾಂಪೈರಿನ ಲಕ್ಷಣಗಳು. ವ್ಯಾಂಪೈರು ತಾನೇ ಎದ್ದು ಬಂದ ಹೆಣ. ನಮ್ಮ ಬೇತಾಳವಾದರೋ ಇತರರ ಹೆಣವನ್ನು ಹೊಕ್ಕು ಮಾತನಾಡುವ ಚೇತನ. ಎರಡಕ್ಕೂ ಗಂಟು ಹಾಕಿದವನು ರಿಚರ್ಡ್ ಬರ್ಟನ್ ಎಂಬ ಆಂಗ್ಲ ಪಂಡಿತ. ಬೇತಾಳ ಕಥೆಗಳನ್ನು ತನ್ನ ಜನಕ್ಕೆ ಹೇಳಹೊರಟು, 1870ರಲ್ಲಿ 'ವಿಕ್ರಮ್ ಅಂಡ್ ದ ವ್ಯಾಂಪೈರ್' ಎಂದು ಪುಸ್ತಕಕ್ಕೆ ಹೆಸರಿಟ್ಟ. ಅವನ ಓದುಗರಿಗೆ ಬೇತಾಳವೆಂದರೆ ತಿಳಿಯದು; ತಿಳಿದ ಪದವೊಂದನ್ನು ಕೊಟ್ಟ. ಅದನ್ನು ತಪ್ಪೆನ್ನಲಾರೆ. ಆದರೆ ಅಂದು ಬೇತಾಳಕ್ಕೆ ತೊಡಿಸಿದ ಪರದೇಶದ ಅಂಗಿಯನ್ನು, ನೂರೈವತ್ತು ವರ್ಷಗಳ ತರುವಾಯ ನಾವೇ ಅದರ ಚರ್ಮವೆಂದು ನಂಬಿ ಕುಳಿತಿರುವುದು ಸೋಜಿಗ.

ಪದ ಹೋದರೆ ಹೋಗಲಿ, ಕಥೆ ಚೆನ್ನಾಗಿದ್ದರೆ ಸಾಲದೇ ಎಂದು ಕೇಳಬಹುದು. ಸಾಲದು, ಏಕೆಂದರೆ ಪದದೊಡನೆ ಹೋದದ್ದು ಬೇತಾಳದ ಪ್ರಾಣವೇ ಆಗಿರುವ ಪ್ರಶ್ನೆ. 'ಚಂದಮಾಮ'ದಲ್ಲಿ ಹೆಗಲ ಮೇಲೆ ಹೆಣ ಹೊತ್ತು ಕತ್ತಿ ಹಿಡಿದು ನಡೆಯುವ ಅರಸನ ಚಿತ್ರವನ್ನು ನೋಡದ ಕನ್ನಡ ಬಾಲ್ಯ ನಮ್ಮ ತಲೆಮಾರಿನಲ್ಲಿ ಅಪರೂಪ. ಬೇತಾಳ ಅವನನ್ನು ಕಚ್ಚುವುದಿಲ್ಲ. ಕಥೆ ಹೇಳುತ್ತದೆ, ಕೊನೆಗೆ ತೊಡಕೊಂದನ್ನು ಮುಂದಿಡುತ್ತದೆ. ಉತ್ತರ ಬಲ್ಲವನು ಸುಮ್ಮನಿದ್ದರೆ ತಲೆ ಸಿಡಿದು ಹೋಗುತ್ತದೆ; ಬಾಯಿ ಬಿಟ್ಟರೆ ಹೆಣ ಮರಳಿ ಮರಕ್ಕೆ ಹಾರುತ್ತದೆ. ಆ ಕಥೆಗಳಲ್ಲಿ ಎಷ್ಟೋ ಪ್ರಣಯದ ಕಥೆಗಳೇ. ಗಂಡನ ತಲೆ ಇನ್ನೊಬ್ಬನ ಮುಂಡಕ್ಕೆ, ಇನ್ನೊಬ್ಬನ ತಲೆ ಗಂಡನ ಮುಂಡಕ್ಕೆ ಸೇರಿದಾಗ ಆಕೆಯ ಗಂಡ ಯಾರು? ತಲೆಯೇ ಪ್ರಧಾನವೆಂದು 'ಕಥಾಸರಿತ್ಸಾಗರ'ದ ಅರಸ ಉತ್ತರ ಕೊಟ್ಟು ಮುಂದೆ ನಡೆದ. ಜರ್ಮನಿಯ ತಾಮಸ್ ಮನ್ 1940ರಲ್ಲಿ ಆ ಉತ್ತರಕ್ಕೆ ಸಮಾಧಾನಗೊಳ್ಳದೆ ಕಥೆಯನ್ನು ಬೆಳೆಸಿದ. ಅವನಿಂದ ಎತ್ತಿಕೊಂಡು ಗಿರೀಶ ಕಾರ್ನಾಡರು 'ಹಯವದನ'ವನ್ನು ಬರೆದರು. ದೇವದತ್ತ, ಕಪಿಲ, ಪದ್ಮಿನಿಯರ ಆ ನಾಟಕದಲ್ಲಿ ನಗು ಬೇಕಾದಷ್ಟಿದೆ, ಪ್ರೇಮವಿದೆ, ತಲೆ ಕಡಿದುಕೊಳ್ಳುವ ಭೀಕರವೂ ಇದೆ. ಬೇತಾಳ ಮಾತ್ರ ರಂಗದ ಮೇಲಿಲ್ಲ. ಆದರೆ ಅದು ಕೇಳಿದ ಪ್ರಶ್ನೆ ನೋಟಕನ ಹೆಗಲೇರಿ ಮನೆಯ ತನಕ ಬರುತ್ತದೆ. 'ಥಾಮಾ'ದಲ್ಲಿ ಬೇತಾಳಗಳ ಹಿಂಡೇ ಇದೆ. ಹೆಗಲೇರುವ ಪ್ರಶ್ನೆ ಒಂದೂ ಇಲ್ಲ.

ಕೇಳಬಹುದಾಗಿದ್ದ ಪ್ರಶ್ನೆ ಕೈಗೆಟುಕುವ ದೂರದಲ್ಲೇ ಇತ್ತು. ಒಂದು ಲೋಕದ ನಂಬಿಕೆಯಲ್ಲಿ ಬೆಳೆದವಳು ಇನ್ನೊಂದು ಲೋಕದವನನ್ನು ಒಲಿದರೆ, ಯಾರು ಏನನ್ನು ಬಿಡಬೇಕು? ಬಿಟ್ಟುದರ ಬೆಲೆಯೇನು? ಇದನ್ನು ಕೇಳಲು ಕೋರೆಹಲ್ಲು ಬೇಕಿಲ್ಲವೆಂಬುದಕ್ಕೆ ನಮ್ಮ ಸೀಮೆಯ ಕಥೆಗಾರರೊಬ್ಬರೇ ಸಾಕ್ಷಿ. ಕಡೂರಿನಿಂದ ಹೊರಟ ರೈಲುದಾರಿ ಬೀರೂರಿನಲ್ಲಿ ಕವಲೊಡೆದು, ಒಂದು ತರೀಕೆರೆಯ ಕಡೆಗೂ ಇನ್ನೊಂದು ಅಜ್ಜಂಪುರದ ಕಡೆಗೂ ಹೋಗುತ್ತದೆ. ಆ ಅಜ್ಜಂಪುರವನ್ನು ಹೆಸರಿನಲ್ಲೇ ಹೊತ್ತಿದ್ದವರು 'ಆನಂದ' ಕಾವ್ಯನಾಮದ ಅಜ್ಜಂಪುರ ಸೀತಾರಾಂ (1902–1963). ಗಂಡಹೆಂಡಿರ ಸರಸವನ್ನು ಅವರಷ್ಟು ನವುರಾಗಿ ಬರೆದವರು ವಿರಳ. ಅದೇ ಲೇಖನಿ 'ನಾನು ಕೊಂದ ಹುಡುಗಿ'ಯನ್ನೂ ಬರೆಯಿತು. ಹಳ್ಳಿಗೆ ಅತಿಥಿಯಾಗಿ ಬಂದ ವಿದ್ಯಾವಂತ, ಬಸವಿ ಬಿಟ್ಟ ಹುಡುಗಿಗೆ ಅವಳ ಬದುಕು ತಪ್ಪೆಂದು ಬುದ್ಧಿ ಹೇಳುತ್ತಾನೆ. ಹೇಳಿದ್ದರಲ್ಲಿ ಕೆಟ್ಟದ್ದೇನೂ ಇಲ್ಲ. ಹುಡುಗಿ ಜೀವವನ್ನೇ ಕಳೆದುಕೊಳ್ಳುತ್ತಾಳೆ. ಆಧುನಿಕನು ಹನಿ ನೆತ್ತರು ಕುಡಿಯದೆ, ಕೇವಲ ಒಳ್ಳೆಯ ಮಾತಿನಿಂದ ಕೊಂದ ಕಥೆಯದು. ಓದಿ ಎಷ್ಟೋ ವರ್ಷವಾದರೂ, ಬುದ್ಧಿಮಾತು ಹೇಳಲು ಬಾಯಿ ತೆರೆದಾಗಲೆಲ್ಲ ನನಗೆ ಅಂಜಿಕೆ. ಯಾವ ಭೂತದ ಚಿತ್ರವೂ ನನ್ನನ್ನು ಹಾಗೆ ಹೆದರಿಸಿದ್ದಿಲ್ಲ.

ಚಿತ್ರಕ್ಕೆ ಅನ್ಯಾಯವಾಗಬಾರದು. ಪೇಟೆಯ ಗಂಡನ್ನು ಒಲಿದ ಕಾಡಿನ ಹೆಣ್ಣು ತನ್ನತನವನ್ನು ಕಳಚಿ ಸೀರೆಯುಟ್ಟು ತಿದ್ದಿಕೊಳ್ಳುವುದು ನಮ್ಮ ಚಿತ್ರಗಳ ಹಳೆಯ ಚಾಳಿ. ಇಲ್ಲಿ ಕೊನೆಗೂ ಮಾರ್ಪಡುವವನು ಗಂಡು. ಅದು ನನಗೆ ಮೆಚ್ಚಿಗೆಯಾಯಿತು. ಆದರೆ ಮಾರ್ಪಟ್ಟವನು ತಾನು ಇನ್ನೂ ತನ್ನ ತಂದೆಯ ಮಗನೇ ಎಂದು ಒಂದು ಗಳಿಗೆ ನಿಂತು ಯೋಚಿಸಬೇಡವೇ? ತಲೆ ಯಾರದು, ಮುಂಡ ಯಾರದು ಎಂಬ ಹಳೆಯ ತೊಡಕು ಅವನ ಮೈಯಲ್ಲೇ ಕುಳಿತಿದೆ. ಕಥೆ ಹೆಣೆದವರು ಅದನ್ನು ಕಾಣಲಿಲ್ಲ, ಅಥವಾ ಕಂಡರೂ ಹೊಡೆದಾಟಕ್ಕೆ ಹೊತ್ತಾಯಿತೆಂದು ಬಿಟ್ಟರು. ಕೊಡಗಿನಿಂದ ಹೋದ ನಟಿಯ ಕಣ್ಣುಗಳಲ್ಲಿ ಒಂದೆರಡು ಸಲ ಆ ಪ್ರಶ್ನೆ ಇಣುಕಿದಂತೆ ನನಗೆ ತೋರಿತು. ಅಷ್ಟರಲ್ಲಿ ಹಾಡು ಬಂದಿತು.

ವಿದ್ಯಾರ್ಥಿನಿಗೆ ಉತ್ತರ ಬಾಕಿಯಿತ್ತು. ಒಂದು ಭಾನುವಾರ ತರಗತಿಯನ್ನು ತರೀಕೆರೆಯ ಬಳಿಯ ಅಮೃತಾಪುರಕ್ಕೆ ಕರೆದುಕೊಂಡು ಹೋದೆ. ಇಮ್ಮಡಿ ವೀರಬಲ್ಲಾಳನ ದಂಡನಾಯಕ 1196ರಲ್ಲಿ ಕಟ್ಟಿಸಿದ ಅಮೃತೇಶ್ವರ ದೇವಾಲಯದಲ್ಲಿ ಜನ್ನನು ರಚಿಸಿದ ಪದ್ಯಗಳುಳ್ಳ ಶಾಸನವಿದೆ. 'ಯಶೋಧರಚರಿತೆ'ಗೆ ಹತ್ತಾರು ವರ್ಷ ಮುಂಚಿನದು. ನುಣುಪಾದ ಆ ಕಲ್ಲಿನ ಮುಂದೆ ನಿಲ್ಲಿಸಿ, ಬೇತಾಳ ಬೇರೆ, ವ್ಯಾಂಪೈರು ಬೇರೆ, ಜನ್ನನ ಬೆಂತರ ಇನ್ನೂ ಬೇರೆ ಎಂದು ಮೇಲೆ ಬರೆದುದನ್ನೆಲ್ಲ ವಿವರಿಸಿದೆ. ಆಕೆ ಎಲ್ಲವನ್ನೂ ಕೇಳಿಸಿಕೊಂಡು, "ಸರ್, ಹಾಗಾದರೆ ಕೂಗಿದ್ದು ಕೋಳಿಯಲ್ಲ, ಬೆಂತರ. ಬೆಂತರಕ್ಕೆ ಸಾವಿಲ್ಲ. ಕೋಳಿ ಬರಿಯ ಹಿಟ್ಟು. ಯಾರೂ ಸಾಯದೆ ಇದ್ದ ಮೇಲೆ ಅರಸನಿಗೆ ಪಾಪ ಅಂಟಿದ್ದು ಹೇಗೆ?" ಎಂದಳು.

ಸಂಕಲ್ಪಹಿಂಸೆಯೆಂಬ ಸಿದ್ಧವಾದ ಉತ್ತರವೊಂದು ನನ್ನ ಟಿಪ್ಪಣಿಯಲ್ಲಿತ್ತು. ಕಲ್ಲಿನ ಮುಂದೆ ಏಕೋ ಅದು ಸಾಲದೆನಿಸಿತು. ತರೀಕೆರೆಯ ಬಸ್ಸಿಗೆ ಹೊತ್ತಾಗಿತ್ತು, ನಾಳೆ ಹೇಳುತ್ತೇನೆಂದೆ.